ದಿಗ್ವ್ರತ ಮತ್ತು ಬೆಟ್ಟದ ದಾರಿ

ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತವನ್ನು ನಿರೂಪಿಸುವಾಗ ಸಮಂತಭದ್ರಾಚಾರ್ಯರು ಎಲ್ಲೆಗಳನ್ನು ಹೆಸರಿಸಿಯೇ ಹೇಳುತ್ತಾರೆ. ಸಮುದ್ರ, ನದಿ, ಅಡವಿ, ಬೆಟ್ಟ, ಜನಪದ, ಯೋಜನ ಇವುಗಳಲ್ಲಿ ಎಲ್ಲರಿಗೂ ಪರಿಚಿತವಾದುದನ್ನು ಗುರುತಾಗಿಟ್ಟುಕೊಂಡು, ಹತ್ತು ದಿಕ್ಕುಗಳಲ್ಲಿಯೂ ಅದರಾಚೆಗೆ ಬದುಕಿರುವವರೆಗೆ ಹೋಗುವುದಿಲ್ಲವೆಂದು ಗೃಹಸ್ಥನು ಸಂಕಲ್ಪಿಸಬೇಕು. ‘ರತ್ನಕರಂಡಕ ಶ್ರಾವಕಾಚಾರ’ದ ಸ್ವಾಧ್ಯಾಯ ನಡೆಯುವ ಮನೆಗಳಿಗೆ ಈ ಪಟ್ಟಿ ಹೊಸದಲ್ಲ. ಮಕ್ಕಳ ಪರೀಕ್ಷೆ ಮುಗಿದು ರಜೆ ಬಂದಾಗ ಅದೇ ಮನೆಗಳಲ್ಲಿ ಇನ್ನೊಂದು ಪಟ್ಟಿ ಸಿದ್ಧವಾಗುತ್ತದೆ. ಯಾವ ನದಿಯ ಜಲಪಾತ, ಯಾವ ಕಾಡಿನ ದಾರಿ, ಯಾವ ಬೆಟ್ಟದ ತುದಿ ಎಂಬ ಚರ್ಚೆ ನಡೆಯುತ್ತದೆ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಸರುಗಳು ಬಹುಮಟ್ಟಿಗೆ ಒಂದೇ ಆಗಿರುವುದು ಕಾಣುತ್ತದೆ. ಆಚಾರ್ಯರು ನಿಲ್ಲುವುದಕ್ಕೆಂದು ಹೇಳಿದ ಗುರುತುಗಳು ಇಂದು ತಲುಪುವುದಕ್ಕೆಂದು ಹೊರಡುವ ಸ್ಥಳಗಳಾಗಿವೆ.

ಇದನ್ನು ಕಾಲಮಾನದ ಬದಲಾವಣೆಯೆಂದು ಸುಮ್ಮನಾಗಬಹುದು. ಹಾಗೆ ಸುಮ್ಮನಾಗದೆ, ನೋಟಕ್ಕಾಗಿ ಮಾಡುವ ಪಯಣವು ಶ್ರಾವಕನಿಗೆ ಒಪ್ಪುವುದೇ, ಒಪ್ಪುವುದಾದರೆ ಯಾವ ಮಿತಿಯಲ್ಲಿ ಎಂದು ಒಂದೇ ಒಂದು ದಾರಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಇಲ್ಲಿಯ ಉದ್ದೇಶ.

ಮೈಸೂರು, ಬೆಂಗಳೂರುಗಳ ಕಡೆಯಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವವರಿಗೆ ಆಚಾರ್ಯರ ಪಟ್ಟಿಯಲ್ಲಿನ ನದಿ, ಅಡವಿ, ಬೆಟ್ಟ ಮೂರೂ ಒಂದರ ಹಿಂದೊಂದು ಎದುರಾಗುತ್ತವೆ. ಶಿವನಸಮುದ್ರದ ಬಳಿ ಕಾವೇರಿಯು ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಾಳೆ. ನದಿ ದಾಟಿ ಕೊಳ್ಳೇಗಾಲ ಸೇರಿ, ಅಲ್ಲಿಂದ ಹನೂರಿನ ದಿಕ್ಕಿಗೆ ತಿರುಗಿದರೆ ನಡುವೆ ಕಾಮಗೆರೆ. ಕಾಮಗೆರೆಯಿಂದ ಮುಂದೆ ಹನೂರು, ಕೌದಳ್ಳಿಗಳನ್ನು ಕಳೆದು ತಾಳಬೆಟ್ಟದ ಬುಡಕ್ಕೆ ಬಂದಮೇಲೆ ಘಟ್ಟದ ತಿರುವುಗಳು ತೊಡಗುತ್ತವೆ. ಈ ದಾರಿಯ ಆಚೀಚೆಗಿನ ನಾಡು ಕಾಡಿನಿಂದ ಸುತ್ತುವರಿದದ್ದು. ಕಾವೇರಿ ವನ್ಯಧಾಮ 1987ರಲ್ಲಿ ಘೋಷಣೆಯಾಯಿತು. ಬಿಳಿಗಿರಿರಂಗನ ಬೆಟ್ಟದ ಅರಣ್ಯ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆಮಹದೇಶ್ವರ ವನ್ಯಧಾಮ 2013ರಲ್ಲಿ ಆಯಿತು. ಬೆಟ್ಟದ ಮೇಲೆ 2023ರಲ್ಲಿ ಮಹದೇಶ್ವರರ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡ ನಂತರ, ದರ್ಶನಕ್ಕೆ ಬರುವ ಭಕ್ತರ ಜೊತೆಗೆ ನೋಡುವುದಕ್ಕೆಂದೇ ಬರುವವರಿಗೆ ಇನ್ನೊಂದು ಕಾರಣ ದೊರೆತಂತಾಯಿತು. ಕಾರಿನಲ್ಲಿ ಹೋಗುವವರಲ್ಲಿ ಬಹುಮಂದಿಗೆ ಕಾಮಗೆರೆ ಎಂದರೆ ದಾರಿಬದಿಯ ಒಂದು ನಾಮಫಲಕ. ಹೆಚ್ಚೆಂದರೆ ಒಂದು ಲೋಟ ಕಾಫಿ.

ಆದರೆ ಈ ಊರು ಮಿತಿ ಎಂಬ ಮಾತಿನ ಅರ್ಥವನ್ನು ಬಲ್ಲದು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಈ ದಾರಿಯಲ್ಲಿ ವಿನೋದಕ್ಕಾಗಿ ಹೋಗುವವರು ವಿರಳ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ವೀರಪ್ಪನ್ ತಂಡದ ದಾಳಿಯಾಯಿತು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪನವರನ್ನು ಇದೇ ಕಾಮಗೆರೆಯ ಮನೆಯಿಂದಲೇ ಅಪಹರಿಸಲಾಯಿತು. ಅದೇ ವರ್ಷದ ಡಿಸೆಂಬರ್ 8ರಂದು ಅವರ ಶವ ಕಾಡಿನಲ್ಲಿ ದೊರೆಯಿತು. ಆ ಕಾಲದಲ್ಲಿ ಕೊಳ್ಳೇಗಾಲದಾಚೆಗೆ ಹೊತ್ತು ಮುಳುಗಿದ ಮೇಲೆ ಹೋಗಬಾರದೆಂದು ಯಾವ ಗ್ರಂಥವೂ ಹೇಳಬೇಕಾಗಿರಲಿಲ್ಲ. ಮನೆಯ ಹಿರಿಯರೇ ಹೇಳುತ್ತಿದ್ದರು, ಕಿರಿಯರು ಮರುಮಾತಿಲ್ಲದೆ ಕೇಳುತ್ತಿದ್ದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ. ಭಯ ಹೋಯಿತು, ಭಯದೊಡನೆ ಎಲ್ಲೆಯೂ ಹೋಯಿತು.

ಇಲ್ಲಿ ನಿಂತು ವಿಚಾರಿಸಬೇಕಾದ ಸಂಗತಿಯೊಂದಿದೆ. ಆ ವರ್ಷಗಳಲ್ಲಿ ಆ ಕಾಡಿಗೆ ಹೋಗದಿದ್ದವರು ದಿಗ್ವ್ರತವನ್ನು ಪಾಲಿಸಿದರೇ? ಹೌದೆನ್ನಲು ಯಾರಿಗೂ ಮನಸ್ಸು ಬಾರದು. ವ್ರತವೆಂದರೆ ವಿರತಿ, ಅಂದರೆ ಬಿಡಬಲ್ಲವನು ಬಿಡುವುದು. ಅವಕಾಶವಿಲ್ಲದೆ ಬಿಟ್ಟದ್ದು ಅವಕಾಶ ಬಂದ ದಿನವೇ ಹಿಂದಿರುಗಿ ಬರುತ್ತದೆ. ಹಸಿದವನಿಗೆ ಅನ್ನ ಸಿಕ್ಕದ ದಿನವನ್ನು ಉಪವಾಸವೆಂದು ಎಣಿಸುವ ರೂಢಿ ಜಿನಧರ್ಮದಲ್ಲಿಲ್ಲ. ಹೀಗಾಗಿ ಭಯದ ಎಲ್ಲೆಯು ಕಳಚಿದಮೇಲೆ ಶ್ರಾವಕನು ತಾನಾಗಿ ಹಾಕಿಕೊಳ್ಳುವ ಎಲ್ಲೆಗೆ ಮೊದಲಿಗಿಂತ ಹೆಚ್ಚು ಬೆಲೆ ಬರಬೇಕಾಗಿತ್ತು. ರಸ್ತೆ ಕೆಟ್ಟಿದ್ದಾಗ, ವಾಹನವಿಲ್ಲದಿದ್ದಾಗ, ಹಣವಿಲ್ಲದಿದ್ದಾಗ ದಿಗ್ವ್ರತವನ್ನು ಹಿಡಿಯುವುದು ಸುಲಭ. ಅದರಿಂದ ಆತ್ಮಕ್ಕೆ ಆಗುವ ಲಾಭವೂ ಅಷ್ಟಕ್ಕಷ್ಟೆ. ಇಂದು ಮನೆಯ ಮುಂದೆ ಕಾರು ನಿಂತಿದೆ, ದಾರಿ ಡಾಂಬರಾಗಿದೆ, ಕಾಡಿನಲ್ಲಿ ಕಳ್ಳರಿಲ್ಲ. ಆಚಾರ್ಯರ ಮಾತು ನಿಜವಾಗಿ ಅನ್ವಯವಾಗುವುದು ಇಂಥ ಕಾಲಕ್ಕೇ. ಹಳೆಯ ಕಾಲದ ವ್ರತ ಈಗ ಸಲ್ಲದೆಂಬ ವಾದವು ವಿಷಯವನ್ನು ತಲೆಕೆಳಗಾಗಿ ಹಿಡಿದಿದೆ.

ಹಾಗೆಂದು ಶ್ರಾವಕನು ಮನೆಯ ಹೊಸ್ತಿಲು ದಾಟಬಾರದೆಂಬ ತೀರ್ಮಾನಕ್ಕೆ ಬರುವುದೂ ಆತುರವೇ. ದಿಗ್ವ್ರತದ ಜೊತೆಗೆ ಅನರ್ಥದಂಡವ್ರತವನ್ನು ಓದಿದಾಗ ಆಚಾರ್ಯರ ಅಭಿಪ್ರಾಯ ಇನ್ನಷ್ಟು ತಿಳಿಯಾಗುತ್ತದೆ. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಒಂದು. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡಮರಗಳನ್ನು ಕಡಿಯುವುದು ಇವುಗಳನ್ನು ಹೇಳಿ, ಕೊನೆಗೆ ಎರಡು ಪದಗಳನ್ನು ಸಮಂತಭದ್ರರು ಸೇರಿಸುತ್ತಾರೆ: ಸರಣ ಮತ್ತು ಸಾರಣ. ಮೊದಲನೆಯದು ಪ್ರಯೋಜನವಿಲ್ಲದೆ ತಾನು ತಿರುಗುವುದು. ಎರಡನೆಯದು ಪರರನ್ನು ತಿರುಗಿಸುವುದು. ಈ ಎರಡನೆಯ ಪದದ ಮೇಲೆ ವ್ಯಾಖ್ಯಾನಗಳಲ್ಲಿ ಹೆಚ್ಚು ಚರ್ಚೆ ನಡೆಯುವುದಿಲ್ಲ. ಬಸದಿಯ ಟ್ರಸ್ಟುಗಳು ಯಾತ್ರೆಯ ಬಸ್ಸು ಹೊರಡಿಸುವ ಈ ಕಾಲದಲ್ಲಿ ಅದರ ತೂಕವೇನು ಎಂಬುದು ಮುಂದೆ ಬರುತ್ತದೆ.

ಪ್ರಯೋಜನ ಎಂದರೇನು? ಕಾಮಗೆರೆಯ ರಸ್ತೆಯಲ್ಲಿ ಒಂದು ಬೆಳಗ್ಗೆ ಹೋಗಿಬರುವವರನ್ನು ಎಣಿಸಿದರೆ ಉತ್ತರದ ಬಹುಭಾಗ ಸಿಗುತ್ತದೆ. ಅಲ್ಲಿ ಹೋಲಿ ಕ್ರಾಸ್ ಆಸ್ಪತ್ರೆಯಿದೆ. ಸುತ್ತಣ ಹಳ್ಳಿಗಳಿಂದ ಅಲ್ಲಿಗೆ ರೋಗಿಗಳು ಬರುತ್ತಾರೆ. ರೇಷ್ಮೆಗೂಡನ್ನು ಹೇರಿಕೊಂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗುವ ರೈತರಿದ್ದಾರೆ. (ರೇಷ್ಮೆಯನ್ನು ಜೈನರು ಉಡಬಹುದೇ ಎಂಬುದು ಇನ್ನೊಂದು ಲೇಖನವನ್ನೇ ಬೇಡುವ ವಿಷಯ.) ಶಿವರಾತ್ರಿಯ ಹೊತ್ತಿಗೆ ಮಾದಪ್ಪನ ಭಕ್ತರು ದೂರದೂರದ ಊರುಗಳಿಂದ ಉಘೇ ಎನ್ನುತ್ತ ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಹೋಗುತ್ತಾರೆ, ಕನಕಪುರದ ಕಡೆಯವರು ಸಂಗಮದಲ್ಲಿ ಕಾವೇರಿಯ ನೀರಿಗಿಳಿದು ದಾಟಿ ಬರುವುದುಂಟು. ಈ ಮೂವರ ನಡಿಗೆಗೂ ಅರ್ಥವಿದೆ. ಧರ್ಮ ಬೇರೆಯಾದರೂ ಕಾಲ್ನಡಿಗೆಯ ಭಕ್ತನು ತನ್ನ ಪಯಣದ ಬೆಲೆಯನ್ನು ತನ್ನ ಮೈಯಿಂದಲೇ ತೆರುತ್ತಾನೆಂಬುದನ್ನು ಶ್ರಾವಕನು ಗೌರವದಿಂದ ಕಾಣಬೇಕು. ನಾಲ್ಕನೆಯವರೇ ನೋಟಕ್ಕೆ ಹೊರಟ ಕುಟುಂಬ.

ಅವರ ಪಯಣವನ್ನು ಒಂದೇ ಮಾತಿನಲ್ಲಿ ಅನರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇಡೀ ವರ್ಷ ಅಂಗಡಿಯಲ್ಲಿ ಕುಳಿತ ತಂದೆಯು ಎರಡು ದಿನ ಮಕ್ಕಳೊಡನಿರುವುದು, ಅಡಿಗೆಮನೆ ಬಿಟ್ಟು ಹೊರಬಾರದ ತಾಯಿಯು ಹರಿವ ನೀರನ್ನು ಕಾಣುವುದು ಇವು ಪ್ರಯೋಜನವಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ಕಣ್ಣಿನ ಸಂತೋಷವನ್ನು ಜಿನಧರ್ಮವು ದ್ವೇಷಿಸಿಲ್ಲ. ಬನವಾಸಿಯ ಸೊಬಗಿಗೆ ಮನಸೋತ ಪಂಪನು ಆದಿಪುರಾಣವನ್ನು ಬರೆದ ಕವಿಯೇ. ಮಲೆಯೂರಿನ ಕನಕಗಿರಿ, ಶ್ರವಣಬೆಳಗೊಳದ ಎರಡು ಬೆಟ್ಟಗಳು, ಕಾರ್ಕಳದ ಬಂಡೆ ಇವೆಲ್ಲ ನೋಡಿದವರ ಕಣ್ಣು ತಂಪಾಗುವ ತಾಣಗಳೇ. ಪೂಜ್ಯಪಾದಾಚಾರ್ಯರ ಹೆಸರಿನೊಡನೆ ಕನಕಗಿರಿಯನ್ನು ನೆನೆಯುವವರು ಆ ಬೆಟ್ಟದ ಚೆಲುವನ್ನೂ ನೆನೆಯುತ್ತಾರೆ. ಅಂತಹ ಬೆಟ್ಟಗಳಲ್ಲಿ ಋಷಿಗಳು ವರ್ಷಗಟ್ಟಲೆ ನಿಂತರು. ಇಂದಿನ ಪ್ರವಾಸಿಯು ಒಂದು ಗಂಟೆಯೂ ನಿಲ್ಲುವುದಿಲ್ಲ. ನೋಟದ ಹಂಬಲದಿಂದ ಹೊರಟವರು ನಿಜಕ್ಕೂ ನೋಡಿದ್ದೆಷ್ಟು ಎಂದು ಲೆಕ್ಕ ಹಾಕಿದರೆ, ಹಂಬಲವು ನೋಡುವುದರ ಮೇಲಿತ್ತೋ, ಹೋಗಿಬಂದೆವೆನ್ನುವುದರ ಮೇಲಿತ್ತೋ ಎಂಬ ಸಂಶಯ ಬರುತ್ತದೆ. ಮೊದಲನೆಯದಕ್ಕೆ ಅರ್ಥವುಂಟು. ಎರಡನೆಯದನ್ನು ಅನರ್ಥದ ಕಡೆಗೇ ಸೇರಿಸಬೇಕಾಗುತ್ತದೆ.

ಅರ್ಥವುಳ್ಳ ಪಯಣವಾದರೂ ಅದು ಸಾಗುವ ರೀತಿಯಿಂದ ಕೆಡಬಹುದು. ಈ ಪ್ರಶ್ನೆಯ ಗಂಭೀರವಾದ ಭಾಗ ಇದೇ.

ಮುನಿಗಳ ಐದು ಸಮಿತಿಗಳಲ್ಲಿ ಈರ್ಯಾಸಮಿತಿ ಮೊದಲನೆಯದು. ಹಗಲು ಬೆಳಕಿನಲ್ಲಿ, ಜನ ಓಡಾಡಿ ಸವೆದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕೆಂಬುದು ಅದರ ತಾತ್ಪರ್ಯ. ಗೃಹಸ್ಥನು ಮಹಾವ್ರತಿಯಲ್ಲ, ಅವನಿಂದ ಅಷ್ಟನ್ನೇ ನಿರೀಕ್ಷಿಸುವುದು ಸಲ್ಲದು. ಆದರೆ ನಾಲ್ಕು ಮೊಳದ ಅಳತೆ ಒಂದು ತತ್ತ್ವವನ್ನು ಹೇಳುತ್ತದೆ. ಕಣ್ಣು ಕಂಡದ್ದನ್ನು ಕಾಲು ತಪ್ಪಿಸಬಲ್ಲಷ್ಟೇ ವೇಗವಿರಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತಲೂ ಹೆಚ್ಚು ದೂರ ಸಾಗುತ್ತದೆ. ನಾಲ್ಕು ಮೊಳವೆಂದರೆ ಎರಡು ಮೀಟರಿಗಿಂತ ಕಡಿಮೆ. ಕಣ್ಣು ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಮುನಿಯ ಅಳತೆಯ ಒಂಬತ್ತರಷ್ಟು ನೆಲ ಹಿಂದೆ ಬಿದ್ದಿರುತ್ತದೆ. ಆ ನೆಲದ ಮೇಲಿದ್ದ ಓತಿಕ್ಯಾತ, ಕಪ್ಪೆ, ಹಾವುಗಳ ಗತಿಯನ್ನು ಒಳಗೆ ಕುಳಿತವರು ಅರಿಯರು.

‘ಪ್ರವಚನಸಾರ’ದಲ್ಲಿ ಕುಂದಕುಂದಾಚಾರ್ಯರು ಹೇಳುವ ತತ್ತ್ವ ಪ್ರಸಿದ್ಧವಾದದ್ದು. ಜೀವವು ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತ. ಎಚ್ಚರದಿಂದ ನಡೆಯುವವನಿಗೆ ಜೀವವೊಂದು ಸತ್ತ ಮಾತ್ರಕ್ಕೆ ಬಂಧವಿಲ್ಲ. ‘ಯಶಸ್ತಿಲಕ’ದಲ್ಲಿ ಸೋಮದೇವಸೂರಿಗಳು ಬೆಸ್ತನನ್ನೂ ಒಕ್ಕಲಿಗನನ್ನೂ ಎದುರೆದುರು ನಿಲ್ಲಿಸುತ್ತಾರೆ. ಒಂದು ಮೀನೂ ಸಿಗದೆ ಬರಿಗೈಯಲ್ಲಿ ಮರಳಿದರೂ ಬೆಸ್ತನಿಗೆ ಪಾಪವುಂಟು. ಉಳುವಾಗ ನೇಗಿಲ ಬಾಯಿಗೆ ಜೀವಗಳು ಸಿಕ್ಕರೂ ಒಕ್ಕಲಿಗನಿಗೆ ಆ ಪಾಪವಿಲ್ಲ, ಏಕೆಂದರೆ ಅವನ ಮನಸ್ಸು ಕೊಲೆಯ ಮೇಲಿಲ್ಲ. ಕಾರಿನಲ್ಲಿ ಹೋಗುವವರು ಈ ಮಾತಿನಿಂದ ಸಮಾಧಾನ ಪಡೆಯುವುದನ್ನು ಕೇಳಬಹುದು. ತಮ್ಮ ಮನಸ್ಸಿನಲ್ಲೂ ಕೊಲ್ಲುವ ಬಯಕೆಯಿಲ್ಲ, ಆದ್ದರಿಂದ ದೋಷವಿಲ್ಲ ಎಂಬುದು ಅವರ ವಾದ. ಒಕ್ಕಲಿಗನ ದೃಷ್ಟಾಂತವನ್ನು ಹೀಗೆ ಎರವಲು ಪಡೆಯುವುದು ಸುಲಭ; ತೀರಿಸುವುದು ಕಷ್ಟ. ಕಾಮಗೆರೆಯ ಬಯಲಿನಲ್ಲಿ ಉಳುವವನು ಅನ್ನಕ್ಕಾಗಿ ಉಳುತ್ತಾನೆ, ಎತ್ತಿನ ನಡಿಗೆಯಷ್ಟೇ ವೇಗದಲ್ಲಿ ಉಳುತ್ತಾನೆ, ಹಾವು ಕಂಡರೆ ನೇಗಿಲು ನಿಲ್ಲಿಸಬಲ್ಲ. ಅವನ ಹೊಲದ ಬದಿಯಲ್ಲಿ ಭರ್ರೆಂದು ಹಾಯುವವನಿಗೆ ಆ ಮೂರರಲ್ಲಿ ಒಂದೂ ಇಲ್ಲ. ಕುಂದಕುಂದರ ವಚನದ ಉತ್ತರಾರ್ಧವನ್ನು ನೆಚ್ಚಿಕೊಳ್ಳುವವನು ಪೂರ್ವಾರ್ಧಕ್ಕೂ ಉತ್ತರ ಹೇಳಬೇಕಾಗುತ್ತದೆ. ವೇಗವನ್ನು ಬೇಕೆಂದೇ ಆರಿಸಿಕೊಂಡವನು ಎಚ್ಚರವನ್ನು ಬೇಕೆಂದೇ ಬಿಟ್ಟವನು.

ಇರುಳಿನ ಪಯಣದ ವಿಷಯದಲ್ಲಿ ಈ ದೋಷ ಇಮ್ಮಡಿಯಾಗುತ್ತದೆ. ಜೈನ ಕುಟುಂಬವೊಂದು ಶುಕ್ರವಾರ ಸಂಜೆ ಹೊರಡುವುದನ್ನು ಕಲ್ಪಿಸಿಕೊಂಡರೆ ಸಾಕು. ಸೂರ್ಯಾಸ್ತಕ್ಕೆ ಮುಂಚೆ ಎಲ್ಲರೂ ಊಟ ಮುಗಿಸುತ್ತಾರೆ. ದೀಪಕ್ಕೆ ಮುತ್ತುವ ಹುಳಗಳು ಅನ್ನದಲ್ಲಿ ಬಿದ್ದಾವೆಂಬ ದಯೆಯಿಂದ ಹುಟ್ಟಿದ ಈ ಆಚಾರವನ್ನು ಪ್ರಯಾಣದಲ್ಲಿಯೂ ಬಿಡದಿರುವುದು ಮೆಚ್ಚತಕ್ಕದ್ದೇ. ಆಮೇಲೆ ಬಸ್ಸು ಇರುಳೆಲ್ಲ ಓಡುತ್ತದೆ. ಬೆಳಗಾಗುವಷ್ಟರಲ್ಲಿ ಹೆಡ್‌ಲೈಟಿನ ಗಾಜಿನ ಮೇಲೆ, ಮುಂಗನ್ನಡಿಯ ಮೇಲೆ ಹುಳಗಳ ಪದರ ಅಂಟಿರುತ್ತದೆ. ಕ್ಲೀನರು ನೀರೆರಚಿ ಒರಸುತ್ತಾನೆ. ತಟ್ಟೆಯಲ್ಲಿ ಬೀಳಬಹುದಾಗಿದ್ದ ಒಂದು ಹುಳಕ್ಕಾಗಿ ಅನ್ನವನ್ನು ಬಿಟ್ಟವರು ಗಾಜಿಗೆ ಬಡಿದು ಸತ್ತ ಅಸಂಖ್ಯಾತ ಹುಳಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೀಪ ಎರಡೂ ಕಡೆ ಒಂದೇ, ಹುಳವೂ ಒಂದೇ. ಆಚಾರವು ಅಡಿಗೆಮನೆಯಲ್ಲಿ ಹುಟ್ಟಿ ಅಲ್ಲಿಯೇ ಉಳಿದುಬಿಟ್ಟಿತು. ಅದರ ಹಿಂದಿನ ಕಾರುಣ್ಯವನ್ನು ರಸ್ತೆಗೆ ಕರೆದುಕೊಂಡು ಬರುವ ಕೆಲಸ ಇನ್ನೂ ಆಗಿಲ್ಲ.

ಸರಕಾರ ಮತ್ತು ನ್ಯಾಯಾಲಯಗಳು ಈ ಮಾತಿನಲ್ಲಿ ಸಮಾಜಕ್ಕಿಂತ ಮುಂದೆ ಹೋಗಿರುವುದು ಸ್ವಲ್ಪ ನಾಚಿಕೆಯ ಸಂಗತಿ. ಬಂಡೀಪುರದ ಕಾಡಿನ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ಚಾಮರಾಜನಗರ ಜಿಲ್ಲಾಡಳಿತವು 2009ರಲ್ಲಿ ನಿಷೇಧಿಸಿತು. 2010ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಟ್ಟದಲ್ಲಿಯೂ 2022ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿ ಸಂಚಾರಕ್ಕೆ ತಡೆ ಬಂತು. ವ್ಯಾಪಾರಿಗಳು ವಿರೋಧಿಸಿದರು, ಪ್ರಯಾಣಿಕರು ಗೊಣಗಿದರು. ರಾತ್ರಿಯ ಸಂಚಾರದಲ್ಲಿ ಹಿಂಸೆಯಿದೆಯೆಂದು ನ್ಯಾಯಾಧೀಶರಿಗಿಂತ ಎಷ್ಟೋ ಶತಮಾನ ಮೊದಲೇ ತಿಳಿದಿದ್ದ ಸಮಾಜವು ಆಗ ತಾನಾಗಿ ಎದ್ದು ನಿಂತು ಇದು ತನ್ನ ಮಾತೆಂದು ಹೇಳಬಹುದಿತ್ತು. ಕಾನೂನಿನ ತಡೆಯೂ ಒಂದು ಬಗೆಯಲ್ಲಿ ಭಯದ ಎಲ್ಲೆಯೇ. ಗೇಟು ಇಲ್ಲದ ಕಡೆ ಅದು ಇರುವುದಿಲ್ಲ.

ವರ್ಷಾಕಾಲದ ಮಾತನ್ನೂ ಇಲ್ಲಿಯೇ ಸೇರಿಸಬಹುದು. ಭರಚುಕ್ಕಿ ಮೈದುಂಬುವುದು ಕೊಡಗಿನಲ್ಲಿ ಮಳೆ ಹಿಡಿದು ಕಾವೇರಿಗೆ ನೀರು ಬಂದಾಗ. ಜನ ಮುಗಿಬೀಳುವುದೂ ಆಗಲೇ. ಆಷಾಢದಿಂದ ಕಾರ್ತಿಕದವರೆಗೆ ಮುನಿಗಳು ವರ್ಷಾಯೋಗದಲ್ಲಿ ಒಂದೆಡೆ ನಿಲ್ಲುವ ಕಾಲವೂ ಅದೇ. ನೆಲವೆಲ್ಲ ಹಸಿರಾಗಿ, ಹೆಜ್ಜೆಯಿಡುವೆಡೆಯಲ್ಲೆಲ್ಲ ಜೀವ ಮೊಳೆತಿರುತ್ತದೆಂಬ ಕಾರಣಕ್ಕೆ ಬರಿಗಾಲಿನ ತ್ಯಾಗಿಯು ನಡಿಗೆಯನ್ನು ನಿಲ್ಲಿಸುತ್ತಾನೆ. ಅವನಿಗೆ ಬೆಳಗ್ಗೆ ಆಹಾರದಾನ ಮಾಡಿದ ಶ್ರಾವಕನು ಮಧ್ಯಾಹ್ನ ನಾಲ್ಕು ಚಕ್ರದ ಮೇಲೆ ಹೊರಡುತ್ತಾನೆ. ಹೆದ್ದಾರಿಗಳ ಅಂಚಿನಲ್ಲಿ ವಿಹಾರ ಮಾಡುತ್ತಿದ್ದ ತ್ಯಾಗಿಗಳು ವಾಹನ ಬಡಿದು ತೀರಿಕೊಂಡ ಸುದ್ದಿಗಳು ಈ ಸಮಾಜಕ್ಕೆ ಎಷ್ಟು ಸಲ ಬಂದಿಲ್ಲ! ಪ್ರತಿಸಲವೂ ಶೋಕಸಭೆಗಳಾಗುತ್ತವೆ. ಶೋಕಸಭೆಗೆ ಬಂದ ಕಾರುಗಳು ಯಾವ ವೇಗದಲ್ಲಿ ಹಿಂದಿರುಗುತ್ತವೆಂದು ಯಾರೂ ಕೇಳುವುದಿಲ್ಲ.

ಘಟ್ಟದ ತಿರುವುಗಳಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯುವ ಕುಟುಂಬಗಳಲ್ಲಿ ಜೈನರದೂ ಒಂದು ಪಾಲು. ಅವರ ಉದ್ದೇಶ ಜೀವದಯೆ. ಪರಿಣಾಮವೇ ಬೇರೆ. ಕಾಡಿನ ಹಣ್ಣು ಚಿಗುರುಗಳನ್ನು ಹುಡುಕಿ ತಿನ್ನಬೇಕಾದ ಪ್ರಾಣಿಯು ರಸ್ತೆಯ ಕಟ್ಟೆಯ ಮೇಲೆ ಭಿಕ್ಷೆಗೆ ಕೂರುತ್ತದೆ. ಎಸೆದ ತುಂಡಿಗಾಗಿ ಮರಿಯನ್ನು ಹೊಟ್ಟೆಗಪ್ಪಿಕೊಂಡು ರಸ್ತೆಗೆ ಹಾರುತ್ತದೆ. ಹಿಂದಿನಿಂದ ಬಂದ ಇನ್ನೊಂದು ಕಾರು ಅದನ್ನು ಕಾಣುವುದಿಲ್ಲ. ಆಹಾರದಾನವು ಪಾತ್ರ, ವಿಧಿ, ದ್ರವ್ಯಗಳನ್ನು ವಿಚಾರಿಸಿ ಮಾಡತಕ್ಕದ್ದೆಂದು ಬಲ್ಲವರು ಕೈಗೆ ಬಂದದ್ದನ್ನು ಕಿಟಕಿಯಿಂದ ಎಸೆಯುವುದನ್ನು ದಾನವೆನ್ನಲಾರರು. ಅನರ್ಥದಂಡವ್ರತದ ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣ ಎಂಬುದೊಂದುಂಟು. ಮುಂದಾಗುವುದನ್ನು ನೋಡದೆ ಬೇಕಾದುದಕ್ಕಿಂತ ಹೆಚ್ಚು ಮಾಡುವುದು. ಕೋತಿಗೆ ಎಸೆದ ಹಣ್ಣು ಬಹುಶಃ ಅದಕ್ಕೆ ಸೇರುತ್ತದೆ. ದೇಶವ್ರತದ ಅತಿಚಾರಗಳಲ್ಲಿ ಬರುವ ಪುದ್ಗಲಕ್ಷೇಪವೂ ಇಲ್ಲಿ ನೆನಪಾಗುತ್ತದೆ. ತನ್ನ ಎಲ್ಲೆಯಾಚೆ ಇರುವವನ ಗಮನ ಸೆಳೆಯಲು ಕಲ್ಲು ಮಣ್ಣಿನ ಹೆಂಟೆಯನ್ನು ಎಸೆಯುವುದು ಅದರ ಮೂಲಾರ್ಥ. ಕಾಡಿನ ಅಂಚಿನಲ್ಲಿ ಎಸೆದ ನೀರಿನ ಬಾಟಲಿ ಯಾರನ್ನೂ ಕರೆಯುವುದಿಲ್ಲವಾದರೂ, ಎಸೆದವನು ಹಿಂದಿರುಗಿದ ಮೇಲೂ ಅವನ ಎಲ್ಲೆಯನ್ನು ಕಾಡಿನೊಳಗೆ ಹಿಗ್ಗಿಸುತ್ತಲೇ ಇರುತ್ತದೆ.

ಎಲ್ಲೆಯ ಮಾತು ಮನುಷ್ಯನ ಕಡೆಯಿಂದಷ್ಟೇ ಆದರೆ ಅದು ಅರ್ಧ ಮಾತು. ಬಿಳಿಗಿರಿಯ ಕಾಡಿಗೂ ಮಲೆಮಹದೇಶ್ವರದ ಕಾಡಿಗೂ ನಡುವೆ ಆನೆಗಳು ಓಡಾಡುವ ಕಿರಿದಾದ ಹಾದಿಯೊಂದಿದೆ. ಎಡೆಯಾರಳ್ಳಿ ದೊಡ್ಡಸಂಪಿಗೆ ಕಾರಿಡಾರೆಂದು ಅದನ್ನು ಅರಣ್ಯ ಇಲಾಖೆಯವರು ಕರೆಯುತ್ತಾರೆ. ಹೊಲಗಳೂ ರಸ್ತೆಯೂ ಬಂದಮೇಲೆ ಅದು ಮುಚ್ಚಿಹೋಗುವ ಸ್ಥಿತಿಗೆ ಬಂದಿತ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಅಲ್ಲಿಯ ಸಾಗುವಳಿ ಜಮೀನನ್ನು ಹಣಕೊಟ್ಟು ಕೊಂಡು, ಆನೆಗಳ ನಡಿಗೆಗಾಗಿ ಅರಣ್ಯ ಇಲಾಖೆಗೆ ಒಪ್ಪಿಸಿತು. ಕೊಂಡದ್ದನ್ನು ತಾನು ಅನುಭವಿಸದೆ ಬಿಟ್ಟುಕೊಡುವುದಕ್ಕೆ ಜೈನ ಪರಿಭಾಷೆಯಲ್ಲಿ ಹೆಸರಿದೆ. ಗೋಶಾಲೆ, ಪಾಂಜರಾಪೋಳಗಳಿಗೆ ಕೈಬಿಚ್ಚಿ ಕೊಡುವ ಸಮಾಜವು ಕಾಡಿನ ಪ್ರಾಣಿಯ ದಾರಿಗೂ ಕೊಡಬಹುದೆಂದು ಯೋಚಿಸಿದರೆ ತಪ್ಪಾಗದು. ಆನೆಯು ಇರುಳಿನಲ್ಲಿ ರಸ್ತೆ ದಾಟುವುದು ಪ್ರವಾಸಕ್ಕಾಗಿಯಲ್ಲ, ಮೇವು ನೀರಿಗಾಗಿ; ಅದರ ಸರಣಕ್ಕೆ ಅರ್ಥವಿದೆ.

ಬೆಟ್ಟದ ಮೇಲಿನ ಜನರ ಮಾತೂ ಉಳಿದಿದೆ. ದೇವಸ್ಥಾನದವರೆಗೆ ಹೋಗುವ ಘಟ್ಟದ ರಸ್ತೆ ಕಾರುಗಳಿಗೆ ಅನುಕೂಲವಾಗಿದೆ. ಅದೇ ಬೆಟ್ಟಸಾಲಿನ ಒಳಹಳ್ಳಿಗಳಿಂದ ಕಾಯಿಲೆಯವರನ್ನೂ ಬಸುರಿಯರನ್ನೂ ಡೋಲಿಯಲ್ಲಿ ಹೊತ್ತು ತಂದ ಸುದ್ದಿಗಳು ಮತ್ತೆಮತ್ತೆ ಬಂದಿವೆ. 2024ರ ಏಪ್ರಿಲಿನ ಲೋಕಸಭಾ ಚುನಾವಣೆಯಲ್ಲಿ ಇಂಡಿಗನತ್ತದ ಮತಗಟ್ಟೆಯಲ್ಲಿ ಗಲಭೆಯಾಗಿ ಮತಯಂತ್ರ ಒಡೆದು, ಮತ್ತೆ ಮತದಾನ ನಡೆಸಬೇಕಾಯಿತು. ಊರಿಗೆ ರಸ್ತೆಯೇ ಮೊದಲಾದ ಸೌಕರ್ಯಗಳಿಲ್ಲವೆಂಬುದು ಅಲ್ಲಿಯವರ ದೂರಾಗಿತ್ತು. ಮತಗಟ್ಟೆಯನ್ನು ಒಡೆದದ್ದು ಸರಿಯಲ್ಲ. ವನ್ಯಧಾಮದೊಳಗೆ ರಸ್ತೆ ಮಾಡುವುದಕ್ಕೆ ಕಾನೂನಿನ ತೊಡಕುಗಳಿರುವುದೂ ನಿಜವೇ. ಆದರೆ ಕಾಡಿನ ಹಿತಕ್ಕಾಗಿ ಎಲ್ಲೆಯೊಳಗೆ ಬದುಕಬೇಕಾದವರು ರೋಗಿಯನ್ನು ಹೊರುವ ಸೋಲಿಗರು, ಎಲ್ಲೆಯಿಲ್ಲದೆ ತಿರುಗುವವರು ನೋಟಕ್ಕೆ ಬಂದ ಪಟ್ಟಣಿಗರು ಎಂದಾದರೆ, ಆ ಲೆಕ್ಕದಲ್ಲಿ ಏನೋ ತಪ್ಪಿದೆ. ಈ ತಪ್ಪನ್ನು ಪ್ರವಾಸಿಯೊಬ್ಬನೇ ಸರಿಪಡಿಸಲಾರ. ಬೆಟ್ಟದ ಗಾಳಿಯನ್ನು ಹೊಗಳುವ ಮೊದಲು ಅದು ಅವನ ತಿಳಿವಳಿಕೆಯಲ್ಲಿದ್ದರೆ ಸಾಕು.

ಇನ್ನು ಸಾರಣ. ಬಸದಿಯ ಟ್ರಸ್ಟುಗಳು ಯಾತ್ರೆಯನ್ನು ಏರ್ಪಡಿಸುವುದು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಒಬ್ಬಂಟಿ ವೃದ್ಧರು, ಕಾರಿಲ್ಲದ ಸಂಸಾರಗಳು ಕ್ಷೇತ್ರದರ್ಶನ ಮಾಡುವುದು ಇಂಥ ಬಸ್ಸುಗಳಿಂದಲೇ. ಆದರೆ ಕನಕಗಿರಿಗೆಂದು ಹೊರಟ ಬಸ್ಸಿಗೆ ಸೀಟು ತುಂಬಲಿ ಎಂದು ಭರಚುಕ್ಕಿಯನ್ನು ಸೇರಿಸುವುದು, ಭರಚುಕ್ಕಿಗೆ ಬಂದಮೇಲೆ ಇನ್ನೆಷ್ಟು ದೂರವೆಂದು ಮಲೆಮಹದೇಶ್ವರ ಬೆಟ್ಟವನ್ನು ಸೇರಿಸುವುದು, ಇಷ್ಟೆಲ್ಲ ಎರಡು ಹಗಲಿನಲ್ಲಿ ಮುಗಿ­ಯದೆಂದು ಕಂಡಾಗ ನಡುವಿನ ರಾತ್ರಿಯನ್ನೂ ದಾರಿಗೆ ಹಾಕುವುದು ಬಳಕೆಯಲ್ಲಿದೆ. ತಂಗುವ ಖರ್ಚೂ ಉಳಿಯುತ್ತದೆ. ಅಲ್ಲಿ ನಲವತ್ತು ಮಂದಿಯ ಸರಣಕ್ಕೆ ಟ್ರಸ್ಟಿನ ಒಂದು ಸಭೆಯ ಸಾರಣ ಕಾರಣವಾಗುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಕಾರಿತದ ಭಾರ ಕೃತಕ್ಕಿಂತ ಕಡಿಮೆಯೆಂದು ಯಾವ ಆಚಾರ್ಯರೂ ಹೇಳಿಲ್ಲ. ಇರುಳು ನಿದ್ದೆಗೆಟ್ಟು ಘಟ್ಟದಲ್ಲಿ ಬಸ್ಸು ತಿರುಗಿಸುವ ಡ್ರೈವರನೂ ಪಂಚೇಂದ್ರಿಯ ಜೀವವೇ ಎಂಬುದು ಕೆಲವೊಮ್ಮೆ ಮರೆತುಹೋಗುತ್ತದೆ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಜೀವಮಾನದ ದಿಗ್ವ್ರತವನ್ನು ದಿನದಿನಕ್ಕೆ ಕಿರಿದು ಮಾಡಿಕೊಳ್ಳುವ ದೇಶಾವಕಾಶಿಕವು ಶಿಕ್ಷಾವ್ರತಗಳಲ್ಲಿದೆ. ಮನೆ, ಬೀದಿ, ಊರು, ಹೊಲ, ನದಿ, ಕಾಡು, ಯೋಜನ ಇವುಗಳಲ್ಲಿ ಒಂದನ್ನು ಎಲ್ಲೆಯಾಗಿಟ್ಟು, ಇಷ್ಟು ಕಾಲದವರೆಗೆ ಎಂದು ಅವಧಿ ಹೇಳಿ ಸಂಕಲ್ಪಿಸುವುದು ಅದರ ಕ್ರಮ. ಸ್ಥಳ ಮತ್ತು ಕಾಲ ಎರಡನ್ನೂ ಮೊದಲೇ ಗೊತ್ತುಮಾಡುವುದರಿಂದ ಪ್ರವಾಸಕ್ಕೆ ಇದಕ್ಕಿಂತ ಒಪ್ಪುವ ವ್ರತ ಇನ್ನೊಂದಿಲ್ಲ. ಹೊರಡುವ ಬೆಳಗ್ಗೆ ಬಸದಿಯಲ್ಲಿಯೇ ಎಲ್ಲೆಯನ್ನು ಹೇಳಬಹುದು: ಕಾಡಿನೊಳಗೆ ಇಂತಿಷ್ಟೇ ವೇಗ, ಸೂರ್ಯಾಸ್ತದ ಅನಂತರ ಚಕ್ರ ಉರುಳದು, ಸಂಜೆ ನಾಲ್ಕರೊಳಗೆ ತಾಳಬೆಟ್ಟ ಮುಟ್ಟದಿದ್ದರೆ ಘಟ್ಟ ಹತ್ತದೆ ಹನೂರಿಗೋ ಕೊಳ್ಳೇಗಾಲಕ್ಕೋ ಮರಳಿ ತಂಗುವುದು. ಬುಡದವರೆಗೆ ಹೋಗಿ ಬೆಟ್ಟವನ್ನು ಹತ್ತದೆ ಬಂದ ಕುಟುಂಬವನ್ನು ನೆರೆಯವರು ನಕ್ಕಾರು. ಹಾಗೆ ಮರಳಿದವರು ದಿನದ ಬೆಳಕಿನಲ್ಲಿ ಕಾಮಗೆರೆಯ ಬಯಲನ್ನೂ, ಅದರ ಹಿಂದಿನ ಬಿಳಿಗಿರಿಯ ಸಾಲನ್ನೂ ಎರಡನೆಯ ಸಲ ನಿಧಾನವಾಗಿ ನೋಡಿಕೊಂಡು ಬಂದಿರುತ್ತಾರೆ.

ಟ್ರಸ್ಟುಗಳು ಯಾತ್ರೆಯ ಪ್ರಕಟಣೆಯಲ್ಲಿ ಹೊರಡುವ ಹೊತ್ತು, ಊಟದ ಹೊತ್ತು, ಶುಲ್ಕ ಎಲ್ಲವನ್ನೂ ಅಚ್ಚು ಹಾಕಿಸುತ್ತವೆ. ಈ ಎಲ್ಲೆಗಳನ್ನೂ ಅದೇ ಹಾಳೆಯಲ್ಲಿ ಅಚ್ಚು ಹಾಕಿಸುವುದಕ್ಕೆ ಹೆಚ್ಚಿನ ಜಾಗ ಬೇಡ. ಬೆಟ್ಟ ಕಾಣದೆ ಮರಳಿದ ಯಾತ್ರಿಕರು ಹಣ ಹಿಂದಿರುಗಿಸಿರೆಂದು ಕೇಳಿದರೆ ಏನು ಹೇಳಬೇಕೆಂಬುದನ್ನು ಮಾತ್ರ ಸಭೆಯಲ್ಲಿ ಮೊದಲೇ ತೀರ್ಮಾನಿಸಿಟ್ಟುಕೊಳ್ಳುವುದು ಲೇಸು.